ಪವನಾ ದಂಡೆಯಲ್ಲಿ ಜಿಂಕಿ

“ಪೆಟ್ ಆಣಲಾ ತರ್ ಚಾಲೇಲ್ ಕಾ?” ಅಂತ ಕೇಳಿದೆ. “ಚಾಲೇಲ್ ಸರ್, ಆಪಲಾ ಕ್ಯಾಂಪ್ ಪೆಟ್ ಫ್ರೆಂಡ್ಲಿ ಆಹೇ. ಫಕ್ತ ಪಾಚ್‌ಶೇ ಎಕ್ಸ್‌ಟ್ರಾ,” ಅಂದ ಆ ಕಡೆಯ ಹುಡುಗ. ನಾಯಿಯ ಬಗ್ಗೆ ನಾನು ಮಾಡಿದ ಇಡೀ ವಿಚಾರಣೆ ಇಷ್ಟೇ. ಇಪ್ಪತ್ತು ಸೆಕೆಂಡ್ ಹಿಡಿದಿರಬಹುದು. ಹಿಂಜವಡಿಯಲ್ಲಿ ನಾನು ಮಾಡುವ ಕೆಲಸ ಟೆಸ್ಟಿಂಗ್. ಬೇರೆಯವರು ಬರೆದ ಸಾಫ್ಟ್‌ವೇರ್ ಎಲ್ಲೆಲ್ಲಿ ಕೈಕೊಡಬಹುದು ಎಂದು ಮೊದಲೇ ಯೋಚಿಸುವುದಕ್ಕೆ ಕಂಪನಿ ನನಗೆ ಸಂಬಳ ಕೊಡುತ್ತದೆ. ಮನೆಯ ವಿಷಯಕ್ಕೆ ಬಂದಾಗ ಆ ಬುದ್ಧಿ ಎಲ್ಲಿ ಹೋಗಿರುತ್ತದೋ.

ಕಳೆದ ಡಿಸೆಂಬರಿನ ಮಾತು. ಮುಂಬೈಯಿಂದ ಹೆಂಡತಿಯ ತಂಗಿ, ಷಡ್ಡಕ, ಅವರ ಆರು ವರ್ಷದ ಮಗಳು ಬರುವವರಿದ್ದರು. ಜಮಖಂಡಿಯಿಂದ ಅವ್ವ ಬಂದಿದ್ದಳು. ನಾವು ಮೂವರು. ಎಲ್ಲರೂ ಸೇರಿ ಪವನಾ ಕೆರೆಯ ದಂಡೆಯಲ್ಲಿ ಒಂದು ರಾತ್ರಿ ಡೇರೆಯಲ್ಲಿ ಇರೋಣ ಅಂತ ಹತ್ತು ವರ್ಷದ ಮಗ ಹಟ ಹಿಡಿದಿದ್ದ. ಅವನ ಕ್ಲಾಸಿನ ಅರ್ಧ ಮಕ್ಕಳು ಹೋಗಿಬಂದಿದ್ದರಂತೆ. ಪುಣೆಯಲ್ಲಿರುವವರಿಗೆ ಪವನಾ ಬಗ್ಗೆ ಹೇಳಬೇಕಿಲ್ಲ, ಉಳಿದವರಿಗಾಗಿ ಎರಡು ಮಾತು: ಪವನಾ ನದಿಗೆ ಕಟ್ಟಿದ ಅಣೆಕಟ್ಟಿನ ಹಿನ್ನೀರು ಅದು. ಲೋಣಾವಳಾದ ಈಚೆ, ಕಾಮಶೇತದಿಂದ ಒಳಗೆ. ಸುತ್ತ ನಾಲ್ಕು ಕೋಟೆ: ಲೋಹಗಡ, ವಿಸಾಪುರ, ತುಂಗ, ತಿಕೋನಾ. ಪಿಂಪ್ರಿ ಚಿಂಚವಡದ ನಲ್ಲಿಗಳಿಗೆ ಬರುವುದು ಇದೇ ನದಿಯ ನೀರು. ವಾಕಡದ ನಮ್ಮ ಅಡುಗೆಮನೆಯ ನೀರನ್ನೇ ನೋಡಲು ನಾವು ದುಡ್ಡು ಕೊಟ್ಟು ಹೋಗುವುದು ಅಂತ ಅವ್ವ ತಮಾಷೆ ಮಾಡಿದ್ದಳು.

ಪ್ರಶ್ನೆ ಇದ್ದದ್ದು ಜಿಂಕಿಯದು.

ಜಿಂಕಿ ನಮ್ಮ ಮುಧೋಳ ನಾಯಿ. ನಾಲ್ಕು ವರ್ಷದವಳು. ಜಮಖಂಡಿಗೆ ಮುಧೋಳ ಪಕ್ಕದ ಊರಿದ್ದ ಹಾಗೆ. ಅಲ್ಲಿನ ಒಂದು ಹಳ್ಳಿಯಿಂದ ಎರಡು ತಿಂಗಳ ಮರಿಯಾಗಿದ್ದಾಗ ತಂದೆವು. ಸಪೂರ ಕಾಲು, ಒಳಗೆ ಹೋದ ಹೊಟ್ಟೆ, ಉದ್ದ ಮೂತಿ. ಮರಿ ನೋಡಿ ಅವ್ವ “ಇದೇನು ನಾಯಿನೋ ಜಿಂಕಿನೋ” ಅಂದದ್ದೇ ಹೆಸರಾಯಿತು. ಸೊಸೈಟಿಯಲ್ಲಿ ಮೊದಮೊದಲು “ಊಟ ಹಾಕುವುದಿಲ್ಲವಾ ನೀವು?” ಅಂತ ಕೇಳುವವರು. 2020ರ ಆಗಸ್ಟಿನಲ್ಲಿ ಪ್ರಧಾನಿಗಳು ಮನ್ ಕೀ ಬಾತ್‌ನಲ್ಲಿ ಮುಧೋಳದ ಹೆಸರು ತೆಗೆದಿದ್ದರು ಎಂದು ಯಾರೋ ಗ್ರೂಪಿನಲ್ಲಿ ಹಾಕಿದ ಮೇಲೆ ಅವಳಿಗೆ ಲಿಫ್ಟಿನಲ್ಲಿ ಸ್ವಲ್ಪ ಗೌರವ ಸಿಕ್ಕಿತು. 2005ರಲ್ಲಿ ಅಂಚೆ ಇಲಾಖೆ ಈ ತಳಿಯ ಚಿತ್ರದ ಸ್ಟ್ಯಾಂಪ್ ತಂದಿದೆ, ಸೈನ್ಯದವರು ತರಬೇತಿಗೆ ಒಯ್ದಿದ್ದಾರೆ, ಮುಧೋಳದ ಘೋರ್ಪಡೆ ರಾಜರು ಇದನ್ನು ಬೆಳೆಸಿದರು, ತಿಮ್ಮಾಪುರದಲ್ಲಿ ಇದಕ್ಕೆಂದೇ ಸಂಶೋಧನಾ ಕೇಂದ್ರ ಇದೆ. ಇದೆಲ್ಲವನ್ನೂ ನಾನು ಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದವನು. ಹೇಳದೇ ಬಿಡುತ್ತಿದ್ದದ್ದು ಒಂದೇ. ಇದು ಮೂಸಿ ಬೇಟೆಯಾಡುವ ನಾಯಿಯಲ್ಲ, ನೋಡಿ ಬೇಟೆಯಾಡುವ ನಾಯಿ. ದೂರದಲ್ಲಿ ಏನಾದರೂ ಓಡಿದರೆ ಸಾಕು, ಕಣ್ಣು ಅಲ್ಲಿ ನೆಟ್ಟು, ಕಿವಿ ಮುಚ್ಚಿ, ಅದೂ ಓಡುತ್ತದೆ. ಆ ಹೊತ್ತಿನಲ್ಲಿ ಹೆಸರು ಹಿಡಿದು ಕರೆದರೆ ಕೇಳುವುದೇ ಇಲ್ಲ. ನೂರಾರು ವರ್ಷ ಮನುಷ್ಯರು ಅದನ್ನು ಹಾಗೆ ಇರಲಿ ಅಂತಲೇ ಸಾಕಿದ್ದಾರೆ.

ಬಿಟ್ಟುಹೋಗಲು ದಾರಿ ಇರಲಿಲ್ಲವೆಂದಲ್ಲ. ಹಿಂದೊಮ್ಮೆ ಗೋವಾಕ್ಕೆ ಹೋದಾಗ ಬಾಣೇರ್ ಕಡೆಯ ಒಂದು ಬೋರ್ಡಿಂಗಿನಲ್ಲಿ ಮೂರು ರಾತ್ರಿ ಇಟ್ಟಿದ್ದೆವು. ಮೂರೂ ದಿನ ಅವಳು ಸರಿಯಾಗಿ ತಿನ್ನಲಿಲ್ಲ. ಮರಳಿ ಬಂದಾಗ ಪಕ್ಕೆಲುಬು ಎಣಿಸಬಹುದಿತ್ತು, ಜೊತೆಗೆ ಕೆಮ್ಮು. ಮಗ ಎರಡು ದಿನ ನಮ್ಮೊಡನೆ ಮಾತು ಬಿಟ್ಟಿದ್ದ. ಹಾಗಾಗಿ ಈ ಸಲ “ಕರಕೊಂಡು ಹೋಗೋಣ” ಅಂದದ್ದು ಮಗ, “ಹೂಂ” ಅಂದದ್ದು ನಾನು. ಹೆಂಡತಿ ಮಾತ್ರ ತಂಗಿಯ ಮಗಳನ್ನು ನೆನಪಿಸಿದಳು. ಆ ಹುಡುಗಿಯನ್ನು ಡೊಂಬಿವಲಿಯ ಅವರ ಓಣಿಯ ನಾಯಿಯೊಂದು ಹಿಂದಿನ ವರ್ಷ ಅಟ್ಟಿಸಿಕೊಂಡು ಬಂದಿತ್ತು. ನಾಯಿ ಕಂಡರೆ ಅಪ್ಪನ ಹೆಗಲೇರುತ್ತಾಳೆ. “ಜಿಂಕಿ ಜೊತೆ ಒಂದು ದಿನ ಇದ್ದರೆ ಅವಳ ಹೆದರಿಕೆಯೂ ಹೋಗುತ್ತೆ,” ಅಂದೆ. ನಾಯಿ ಸಾಕಿದವರೆಲ್ಲ ಒಂದಲ್ಲ ಒಂದು ಸಲ ಹೇಳುವ ಮಾತು ಇದು. ಬೇರೆಯವರ ಮಗುವಿನ ಹೆದರಿಕೆಗೆ ನಮ್ಮ ನಾಯಿಯೇ ಔಷಧಿ ಎನ್ನುವಷ್ಟು ಧೈರ್ಯ ನಮಗೆ ಎಲ್ಲಿಂದ ಬರುತ್ತದೋ.

ಶನಿವಾರ ಬೆಳಿಗ್ಗೆ ಹೊರಟೆವು. ತಳೇಗಾಂವ, ವಡಗಾಂವ, ಕಾಮಶೇತ. ಅಲ್ಲಿ ಹಳೆಯ ಹೆದ್ದಾರಿ ಬಿಟ್ಟು ಎಡಕ್ಕೆ. ದಾರಿಯಲ್ಲಿ ಬೇಡಸೆ ಗುಹೆ ನೋಡಬೇಕೆಂದು ನನ್ನ ಆಸೆ. ಕಾರ್ಲಾ, ಭಾಜೆಗೆ ಜನ ಹೋಗುತ್ತಾರೆ, ಕ್ರಿ.ಪೂ. 1ನೇ ಶತಮಾನದ ಬೇಡಸೆಗೆ ಹೋಗುವವರು ಕಡಿಮೆ. ಕಂಬಗಳ ಮೇಲೆ ಆನೆ, ಕುದುರೆ, ಎತ್ತು, ಅವುಗಳ ಮೇಲೆ ಗಂಡು ಹೆಣ್ಣು ಸವಾರರು. ನಾನು ನೋಡಿದೆ, ಹೆಂಡತಿ ನೋಡಲಿಲ್ಲ. ಯಾರಾದರೂ ಒಬ್ಬರು ಕೆಳಗೆ ನಾಯಿಯ ಜೊತೆ ಇರಬೇಕಿತ್ತು. ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲಿ ಕಿಟಕಿ ಸ್ವಲ್ಪ ತೆರೆದು ನಾಯಿಯನ್ನು ಬಿಡುವಂತಿಲ್ಲ. ಡಿಸೆಂಬರ್ ಬಿಸಿಲಾದರೂ ಒಳಗೆ ಬೇಗ ಒಲೆಯಾಗುತ್ತದೆ. ತಿಂಡಿಗೆ ನಿಂತಾಗಲೂ ಅದೇ ಕತೆ. ಒಬ್ಬರು ತಿಂದು ಬಂದು ಬೆಲ್ಟ್ ಹಿಡಿದರೆ ಇನ್ನೊಬ್ಬರು ಹೋಗುವುದು. ಏಳು ಜನರ ಪ್ರವಾಸ ಯಾವಾಗಲೂ ಆರು ಜನರ ಪ್ರವಾಸವಾಗಿತ್ತು, ಮತ್ತು ಆ ಏಳನೆಯವಳು ಹೆಚ್ಚಿನ ಸಲ ನನ್ನ ಹೆಂಡತಿ. ಇದು ನನಗೆ ಹೊಳೆದದ್ದು ಬಹಳ ಆಮೇಲೆ.

ಕ್ಯಾಂಪು ಚೆಂದವಿತ್ತು. ನೀರಿನ ಅಂಚಿಗೆ ಇಳಿಯುವ ಹುಲ್ಲಿನ ಇಳಿಜಾರು, ಅದರಲ್ಲಿ ಎರಡು ಸಾಲು ಡೇರೆ, ಒಂದಕ್ಕೊಂದು ನಾಲ್ಕು ಹೆಜ್ಜೆ ದೂರ. ಮಧ್ಯದಲ್ಲಿ ಬೆಂಕಿ ಹಾಕುವ ಜಾಗ, ಒಂದು ಬದಿ ಬಾರ್ಬೆಕ್ಯೂ ಡಬ್ಬಿಗಳು, ಇನ್ನೊಂದು ಬದಿ ಸ್ಪೀಕರ್. ಎದುರಿಗೆ ನೀರಿನಾಚೆ ತುಂಗದ ಚೂಪು ಗುಡ್ಡ. ಬೇಲಿ ಇರಲಿಲ್ಲ. ಅದನ್ನು ನಾನು ನೋಡಿದೆ, ನೋಡಿ ಸುಮ್ಮನಾದೆ. “ನಮ್ಮದು ಮೂಲೆಯ ಡೇರೆ, ನಾಯಿಗೆ ಅನುಕೂಲ ಸರ್,” ಅಂದ ಹುಡುಗ. ಅವತ್ತು ಇಪ್ಪತ್ತೈದು ಮೂವತ್ತು ಡೇರೆ ಭರ್ತಿ. ಕಾಲೇಜು ಹುಡುಗರ ಒಂದು ಗುಂಪು ಬಿಟ್ಟರೆ ಎಲ್ಲ ಸಂಸಾರಗಳು, ಎಲ್ಲರ ಜೊತೆಗೂ ಮಕ್ಕಳು. ಇನ್ನೊಂದು ನಾಯಿಯೂ ಇತ್ತು, ಮುದಿ ಲ್ಯಾಬ್ರಡಾರ್, ಬಂದಾಗಿನಿಂದ ಮಲಗಿಯೇ ಇತ್ತು. ಆ ಕ್ಯಾಂಪಿನವರು ‘ಪೆಟ್ ಫ್ರೆಂಡ್ಲಿ’ ಎಂದು ಬೋರ್ಡ್ ಬರೆಸುವಾಗ ಮನಸ್ಸಿನಲ್ಲಿದ್ದ ನಾಯಿ ಅದೇ ಇರಬೇಕು.

ಮಧ್ಯಾಹ್ನ ಏನೂ ಆಗಲಿಲ್ಲ. ಜಿಂಕಿ ನೀರಿನ ಅಂಚಿನಲ್ಲಿ ನಡೆದಳು, ಫೋಟೊಗೆ ನಿಂತಳು. ನಾಲ್ಕೈದು ಮಕ್ಕಳು ಬಂದು ಬೆನ್ನು ಸವರಿದರು. ದಂಡೆಯಲ್ಲಿ ಮೇಯುತ್ತಿದ್ದ ಆಡು ಕಂಡಾಗ ಒಮ್ಮೆ ಬಿಲ್ಲಿನ ಹಾಗೆ ಬಿಗಿಯಾದಳು. ನಾನು ಎರಡು ಕೈಯಲ್ಲಿ ಹಿಡಿದೆ. ನಮ್ಮ ಚಿಕ್ಕ ಹುಡುಗಿ ಡೇರೆಯ ಒಳಗೇ ಕೂತು ಬಲೆಯ ಕಿಟಕಿಯಿಂದ ಎಲ್ಲ ನೋಡುತ್ತಿದ್ದಳು. “ಹೊರಗೆ ಬಾರವ್ವಾ” ಅಂತ ಅವ್ವ ಕರೆದರೆ “ಅದನ್ನು ಒಳಗೆ ಹಾಕಿ, ಆಮೇಲೆ ಬರ್ತೀನಿ” ಅಂದಳು. ತನ್ನ ರಜೆಗೆ ಬಂದ ಹುಡುಗಿ ಅವಳು.

ಕತ್ತಲಾಯಿತು. ಏಳೂವರೆ ಇರಬಹುದು. ಬಾರ್ಬೆಕ್ಯೂ ಹೊಗೆ, ಪನೀರ್, ಜೋಳದ ತೆನೆ, ಸ್ಪೀಕರಿನಲ್ಲಿ ಮರಾಠಿ ಹಾಡು. ಬೆಲ್ಟು ಮಗನ ಕೈಯಲ್ಲಿತ್ತು. ನಾನು ತಟ್ಟೆ ತರಲು ಹೋಗಿದ್ದೆ. ಬೆಲ್ಟಿನ ಬಗ್ಗೆಯೂ ಹೇಳಬೇಕು. ಈ ಜಾತಿಯ ನಾಯಿಗಳಿಗೆ ಕತ್ತು ದಪ್ಪ, ತಲೆ ಸಣ್ಣ. ಸಾದಾ ಕಾಲರ್ ಹಿಂದಕ್ಕೆ ಎಳೆದರೆ ಟೋಪಿ ತೆಗೆದ ಹಾಗೆ ಕಳಚಿಬರುತ್ತದೆ. ಅದಕ್ಕೇ ಎಳೆದಾಗ ಬಿಗಿಯಾಗುವ ಮಾರ್ಟಿಂಗೇಲ್ ಕಾಲರ್ ಹಾಕಬೇಕು. ನಮ್ಮ ಹತ್ತಿರ ಅದು ಇದೆ, ದಿನವೂ ಅದನ್ನೇ ಹಾಕುತ್ತೇವೆ. ಪ್ರವಾಸಕ್ಕೆಂದು ಮಗ ಅವಳ ಹೆಸರು ಕೊರೆಸಿದ ಹೊಸ ಕೆಂಪು ಕಾಲರ್ ತರಿಸಿದ್ದ. ಫೋಟೊಗೆ ಚೆಂದ ಅಂತ ಅದನ್ನೇ ಹಾಕಿದ್ದೆವು.

ಒಬ್ಬ ಹುಡುಗ, ಎಂಟು ವರ್ಷದವನಿರಬೇಕು, ದೀಪ ಮಿನುಗುವ ಬೂಟು ಹಾಕಿಕೊಂಡು ಡೇರೆಗಳ ಸಾಲಿನ ನಡುವೆ ಓಡಿದ. ಕತ್ತಲಲ್ಲಿ ನೆಲಕ್ಕೆ ಹತ್ತಿರ, ಜಿಗಿಯುತ್ತಾ ಹೋಗುವ ಎರಡು ಕೆಂಪು ಮಿಂಚು. ನಾನು ತಿರುಗಿದಾಗ ಮಗನ ಕೈಯಲ್ಲಿ ಬರೀ ಬೆಲ್ಟು, ಅದರ ತುದಿಗೆ ಖಾಲಿ ಕಾಲರ್. ಜಿಂಕಿ ಬೊಗಳಲಿಲ್ಲ. ಅವಳು ಓಡುವಾಗ ಸದ್ದೇ ಇರುವುದಿಲ್ಲ. ಹುಡುಗ ಹಿಂದೆ ನೋಡಿದ, ಕಿರುಚಿದ, ಇನ್ನೂ ಜೋರಾಗಿ ಓಡಿದ. ಮಗು ಓಡದೇ ಏನು ಮಾಡೀತು? ಕೊನೆಯ ಡೇರೆಯ ಹಗ್ಗದ ಹತ್ತಿರ ಅವನ ಮೇಲೆ ಬಿದ್ದಳು, ಇಬ್ಬರೂ ಉರುಳಿದರು. ಅದೇ ಗಳಿಗೆಗೆ ಕಾಲೇಜು ಹುಡುಗರ ಗುಂಪಿನಲ್ಲಿ ಯಾರದೋ ಹುಟ್ಟುಹಬ್ಬ, ಆ ಬಣ್ಣದ ಕಾಗದ ಚಿಮ್ಮುವ ಕೊಳವೆ ಇರುತ್ತದಲ್ಲ, ಅದನ್ನು ಢಂ ಎಂದು ಹಾರಿಸಿದರು. ಜಿಂಕಿ ಎದ್ದವಳೇ ಕತ್ತಲೆಯೊಳಗೆ ಹಾರಿ ಹೋದಳು.

ಈಗ ಬರೆಯುವುದು ನನಗೆ ಕಷ್ಟ. ಹುಡುಗ ನೆಲದ ಮೇಲೆ ಅಳುತ್ತಾ ಬಿದ್ದಿದ್ದ. ನಾನು ಅವನಿಂದ ಹತ್ತು ಹೆಜ್ಜೆಯಲ್ಲಿದ್ದೆ. ಅವನ ಪಕ್ಕದಿಂದಲೇ ಓಡಿ, ಅವನನ್ನು ದಾಟಿ, “ಜಿಂಕೀ, ಜಿಂಕೀ” ಎಂದು ಕೂಗುತ್ತಾ ನಾನು ನಾಯಿಯ ಹಿಂದೆ ಹೋದೆ.

ಉಳಿದದ್ದು ಹೆಂಡತಿ ಹೇಳಿದ್ದು. ಅವಳೇ ಹುಡುಗನನ್ನು ಎತ್ತಿದಳು. ಕಚ್ಚಿರಲಿಲ್ಲ. ಮೊಣಕೈ ತರಚಿದ್ದು ನೆಲಕ್ಕೆ ತಾಗಿ. ಆದರೆ ಮುಂಗೈ ಮೇಲೆ ಉಗುರಿನ ಎರಡು ಗೀರು, ರಕ್ತವಿಲ್ಲದ ಕೆಂಪು ಗೆರೆಗಳು. ರೇಬೀಸಿಗೆ ಅಷ್ಟೂ ಲೆಕ್ಕಕ್ಕೆ ಬರುತ್ತದೆ. ನಲ್ಲಿಯ ಕೆಳಗೆ ಅವನ ಕೈ ಹಿಡಿದು, ಗಡಿಯಾರ ನೋಡಿಕೊಂಡು ಹದಿನೈದು ನಿಮಿಷ ಸೋಪಿನಲ್ಲಿ ತೊಳೆದಳಂತೆ. ಅರಿಶಿನ ಹಚ್ಚೋಣ ಎಂದು ಯಾರೋ ತಂದದ್ದನ್ನು ಬೇಡ ಅಂದಳಂತೆ. ಜುಲೈನಲ್ಲಿ ಜಿಂಕಿಗೆ ಹಾಕಿಸಿದ ರೇಬೀಸ್ ಲಸಿಕೆಯ ಕಾರ್ಡಿನ ಫೋಟೊ ಅವಳ ಫೋನಿನಲ್ಲಿತ್ತು, ಅದನ್ನು ತೋರಿಸಿದಳು. ಹುಡುಗನ ಅಪ್ಪ ಅದನ್ನು ನೋಡಲಿಲ್ಲ. “ಫ್ಯಾಮಿಲಿ ಇರುವ ಜಾಗಕ್ಕೆ ಶಿಕಾರಿ ನಾಯಿ ತರುತ್ತೀರಾ?” ಎಂದಷ್ಟೇ ಕೇಳಿದರಂತೆ, ಹಿಂದಿಯಲ್ಲಿ, ದನಿ ಎತ್ತದೆ. ಷಡ್ಡಕ ಅವರ ಕಾರಿನಲ್ಲೇ ಕೂತು ತಳೇಗಾಂವದ ಒಂದು ಆಸ್ಪತ್ರೆಗೆ ಹೋದ. ಒಟ್ಟು ನಮ್ಮ ಕಡೆಯವರೆಲ್ಲ ಆ ಮಗುವಿನ ಸುತ್ತ ಇದ್ದರು, ನನ್ನೊಬ್ಬನನ್ನು ಬಿಟ್ಟು.

ನಾನು ದಂಡೆಯಲ್ಲಿ ಟಾರ್ಚ್ ಹಿಡಿದು ತಿರುಗುತ್ತಿದ್ದೆ. ಕ್ಯಾಂಪಿನ ರಾತ್ರಿ ಕಾವಲಿನ ಅಜ್ಜ ಜೊತೆಗೆ ಬಂದ, ಅಲ್ಲಿಯದೇ ಹಳ್ಳಿಯವನು. ಕೂಗಬೇಡಿ ಎಂದ. ಹೆದರಿದ ಪ್ರಾಣಿಗೆ ನಿಮ್ಮ ಕೂಗೂ ಒಂದು ಪಟಾಕಿಯೇ. ದನದ ವಾಸನೆ ಇರುವಲ್ಲಿ ನೋಡೋಣ ಎಂದ. ಬಿಬಟ್ಯಾ ಇದ್ದಾನಾ ಈ ಕಡೆ ಎಂದು ಕೇಳಿದೆ. ಚಿರತೆಗೆ ಬಿಬಟ್ಯಾ ಅಂತಾರೆ ಇಲ್ಲಿ. “ಗುಡ್ಡ ಇದ್ದಲ್ಲಿ ಇರ್ತಾನೆ,” ಎಂದ ಅಜ್ಜ. ನಾಯಿ ಎಂದರೆ ಅವನಿಗೆ ಎಷ್ಟು ಇಷ್ಟವೆಂದು ಪುಣೆ ಜಿಲ್ಲೆಯಲ್ಲಿರುವ ಯಾರಿಗೂ ಹೇಳಬೇಕಿಲ್ಲ. ಸಾಲಿನ ಡೇರೆಗಳಲ್ಲಿ ನಾಯಿಯನ್ನು ಹೊರಗೆ ಕಟ್ಟಿ ಮಲಗುವ ಯೋಚನೆ ನನಗೆ ಮಧ್ಯಾಹ್ನ ಇತ್ತು. ಅದೂ ಆಗ ನೆನಪಾಯಿತು.

ಒಂದೂವರೆ ತಾಸಿನ ಮೇಲೆ ಸಿಕ್ಕಳು. ಹಳ್ಳಿಯ ಅಂಚಿನ ಒಂದು ಗೋಠ್ಯಾದಲ್ಲಿ, ಎರಡು ಎಮ್ಮೆಗಳ ನಡುವೆ ಒಣಹುಲ್ಲಿನ ಮೇಲೆ ಮುದುಡಿ, ಮೈಯೆಲ್ಲ ನಡುಗುತ್ತಾ. ಕೊರಳಿಗೆ ಯಾರೋ ಹಳೆಯ ಸೀರೆಯ ತುಂಡು ಕಟ್ಟಿ ಕಂಬಕ್ಕೆ ಬಿಗಿದಿದ್ದರು. ಮನೆಯ ಮುದುಕಿ ಚಿಮಣಿ ದೀಪದ ಹಾಗಿದ್ದ ಸಣ್ಣ ಬ್ಯಾಟರಿ ಹಿಡಿದು ಬಂದಳು. “ಕಾರವಾನ್ ಹಾಯ್ ನ್ಹವಂ?” ಎಂದಳು. ನಾವು ಮುಧೋಳ ಎನ್ನುವ ನಾಯಿಯನ್ನು ಈ ಸೀಮೆಯಲ್ಲಿ ಕಾರವಾನ್ ಎನ್ನುತ್ತಾರೆ. ಎರಡೂ ಒಂದೇ ಹೌದೋ ಅಲ್ಲವೋ ಎಂದು ತಳಿಯ ಪಂಡಿತರು ಜಗಳವಾಡುತ್ತಾರೆ, ನಾನೂ ಆಡಿದ್ದೇನೆ. ಆ ಹೊತ್ತಿನಲ್ಲಿ ಹೌದು ಅಂದೆ. ಆಕೆ ಅಂಗಳದ ಮೂಲೆಗೆ ಬೆಳಕು ಬಿಟ್ಟಳು. ಒಂದು ಕೋಳಿ ಸತ್ತು ಬಿದ್ದಿತ್ತು. ಎಷ್ಟು ಕೊಡಲಿ ಎಂದೆ. ನಾನು ತೆಗೆದ ನೋಟುಗಳಲ್ಲಿ ಐನೂರರ ಒಂದನ್ನು ಇಟ್ಟುಕೊಂಡು ಉಳಿದದ್ದನ್ನು ಮರಳಿಸಿದಳು. ನಾಯಿಗೆ ಕ್ಯಾಂಪಿನವರು ಹಾಕಿದ ದರವೂ ಅಷ್ಟೇ. “ಹಿಲಾ ಇಥಂ ಕಶಾಲಾ ಆಣಲಿ?” ಇವಳನ್ನು ಇಲ್ಲಿಗೆ ಯಾಕೆ ತಂದೆ ಎಂದು ಕೇಳಿದಳು. ಬೈದದ್ದಲ್ಲ, ಕುತೂಹಲಕ್ಕೆ ಕೇಳಿದ್ದು. ಮಗನಿಗೆ ಇಷ್ಟ ಅಂತ ಅಂದೆ.

ಆ ರಾತ್ರಿ ಡೇರೆಗೆ ಹೋಗುವ ಮುಖವಿರಲಿಲ್ಲ. ಪಾರ್ಕಿಂಗಿನಲ್ಲಿ ಕಾರಿನ ಹಿಂದಿನ ಸೀಟಿನಲ್ಲಿ ನಾನು, ನನ್ನ ಮೇಲೆ ಜಿಂಕಿ, ಇಬ್ಬರ ಮೇಲೆ ಅವ್ವನ ಕೌದಿ. ಈ ನಾಯಿಗಳಿಗೆ ಮೈಯಲ್ಲಿ ಕೊಬ್ಬಿಲ್ಲ, ಕೂದಲೂ ತೆಳು. ಕೆರೆಯ ದಂಡೆಯ ಡಿಸೆಂಬರ್ ಚಳಿ ಮೂಳೆಗೆ ಇಳಿಯುತ್ತದೆ. ಮಧ್ಯರಾತ್ರಿ ಕೈಯಾಡಿಸಿದರೆ ಕಿವಿಯ ಹಿಂದೆ ಮೂರು ಉಣ್ಣೆ ಸಿಕ್ಕವು, ದನದ ಕೊಟ್ಟಿಗೆಯದೋ ಹುಲ್ಲಿನದೋ. ಹತ್ತು ಗಂಟೆಗೆ ನಿಲ್ಲಬೇಕಾದ ಸ್ಪೀಕರು ಹನ್ನೊಂದಕ್ಕೆ ನಿಂತಿತು. ಪ್ರತಿ ಸಲ ಬಾಸ್ ಗುದ್ದಿದಾಗ ಅವಳ ಎದೆ ನನ್ನ ಎದೆಯ ಮೇಲೆ ಹೊಡೆದುಕೊಳ್ಳುತ್ತಿತ್ತು. ಇವಳಿಗೆ ಪ್ರವಾಸ ಬೇಕಿತ್ತೆಂದು ಹೇಳಿದವರು ಯಾರು? ಬೋರ್ಡಿಂಗಿನಲ್ಲಿ ಅವಳು ಉಪವಾಸ ಇದ್ದದ್ದು ನಿಜ. ಇಲ್ಲಿ ಬಂದು ಸುಖಪಟ್ಟದ್ದು ಯಾವ ಹೊತ್ತಿನಲ್ಲಿ ಎಂದು ಹುಡುಕಿದೆ. ನೀರಿನ ಅಂಚಿನ ಆ ಅರ್ಧ ತಾಸು ಇರಬಹುದು.

ಬೆಳಿಗ್ಗೆ ಆರಕ್ಕೆ ಕಿಟಕಿ ಬಡಿದ ಸದ್ದು. ಹುಡುಗನ ಅಪ್ಪ. ಸೊಲ್ಲಾಪುರದ ಕಡೆಯವರು, ಆಮೇಲೆ ಗೊತ್ತಾಯಿತು, ಮನೆಯಲ್ಲಿ ಕನ್ನಡ ಬಲ್ಲವರು. ಕೆಳಗಿಳಿದು ಕ್ಷಮೆ ಕೇಳಿದೆ. ಆಸ್ಪತ್ರೆಯಲ್ಲಿ ಮೊದಲ ಲಸಿಕೆ ಆಗಿದೆ, ಮೂರನೆಯ ದಿನ, ಏಳನೆಯ ದಿನ ಮತ್ತೆ, ಆಮೇಲೆ ಇನ್ನೆರಡು ಎಂದರು. ಹತ್ತು ದಿನ ನಾಯಿ ಆರೋಗ್ಯವಾಗಿಯೇ ಇದ್ದರೆ ಮುಂದಿನವು ಬೇಕಾಗದೇ ಇರಬಹುದು ಎಂದು ಡಾಕ್ಟರು ಹೇಳಿದ್ದಾರೆ ಎಂದರು. ಖರ್ಚು ನಾನು ಕೊಡುತ್ತೇನೆ ಎಂದೆ. “ಖರ್ಚು ಇರಲಿ,” ಎಂದು ಸ್ವಲ್ಪ ಹೊತ್ತು ಕೆರೆ ನೋಡುತ್ತಾ ನಿಂತರು. ಆಮೇಲೆ ಕನ್ನಡದಲ್ಲೇ, “ನಾಯಿ ಓಡೋದು ಅದರ ಗುಣ. ನೀವು ನನ್ನ ಮಗನ್ನ ದಾಟಿಕೊಂಡು ಹೋದ್ರಿ,” ಎಂದರು. ನಾನು ರಾತ್ರಿಯಿಡೀ ಬೇಲಿಯಿಲ್ಲದ ಕ್ಯಾಂಪನ್ನು, ಕಾಗದ ಹಾರಿಸಿದ ಹುಡುಗರನ್ನು, ಕೆಂಪು ಕಾಲರನ್ನು ಬೈದುಕೊಂಡಿದ್ದೆ. ಈ ಮಾತಿಗೆ ಅವು ಯಾವುವೂ ಉತ್ತರವಾಗಲಿಲ್ಲ.

ನಂಬರ್ ತೆಗೆದುಕೊಂಡೆ. ಮುಂದಿನ ಹತ್ತು ದಿನ ಬೆಳಿಗ್ಗೆ ಜಿಂಕಿ ಊಟ ಮಾಡುವ, ನೀರು ಕುಡಿಯುವ ವಿಡಿಯೊ ಕಳಿಸಿದೆ. ಅವರು ಕೇಳಿರಲಿಲ್ಲ. ನೀಲಿ ಗೆರೆ ಮಾತ್ರ ಬರುತ್ತಿತ್ತು. ಮೂರನೆಯ ದಿನ ‘ಡೋಸ್ ಆಯ್ತು’ ಎಂದು ಒಂದು ಸಾಲು, ಏಳನೆಯ ದಿನ ಅದೇ. ಹತ್ತನೆಯ ದಿನದ ವಿಡಿಯೊದಲ್ಲಿ ಮಗ ಜಿಂಕಿಗೆ ರೊಟ್ಟಿ ಚೂರು ತಿನ್ನಿಸುತ್ತಿದ್ದ. ‘ಸಾಕು, ಡಾಕ್ಟರ್ ನಿಲ್ಲಿಸಿದ್ದಾರೆ. ಇನ್ನು ಕಳಿಸಬೇಡಿ’ ಎಂದು ಬಂತು. ಅಲ್ಲಿಗೆ ಮುಗಿಯಿತು. ಆ ಹುಡುಗ ಈಗ ನಾಯಿ ಕಂಡರೆ ಏನು ಮಾಡುತ್ತಾನೆ ಎಂದು ಕೇಳಬೇಕೆಂದು ಎರಡು ಸಲ ಟೈಪ್ ಮಾಡಿ ಅಳಿಸಿದ್ದೇನೆ.

ನಮ್ಮ ಸೊಸೈಟಿಯಲ್ಲಿ ನಾಯಿ ಸಾಕಿದವರದೇ ಒಂದು ಗುಂಪಿದೆ, ಅಲ್ಲಿ ಈ ಕತೆ ಹೇಳಿದಾಗ ಅರ್ಧ ಜನ ಮಕ್ಕಳಿಗೆ ನಾಯಿಯ ಜೊತೆ ಹೇಗಿರಬೇಕೆಂದು ಕಲಿಸಬೇಕು ಎಂದರು. ಕಲಿಸಬೇಕು, ಸರಿಯೇ. ಓಡಬಾರದು, ಮರದ ಹಾಗೆ ನಿಲ್ಲಬೇಕು, ಕಣ್ಣಿಗೆ ಕಣ್ಣಿಡಬಾರದು. ಆದರೆ ಶನಿವಾರ ರಾತ್ರಿ ದುಡ್ಡು ಕೊಟ್ಟು ಕೆರೆ ದಂಡೆಗೆ ಆಡಲು ಬಂದ ಮಗು ಓಡಬಾರದು ಎನ್ನಲು ನಾನ್ಯಾರು? ನಾಯಿ ಸಾಕುವವರ ಹಕ್ಕಿನ ಬಗ್ಗೆ ನಾನು ಬಹಳ ಮಾತಾಡಿದವನು. ಸೊಸೈಟಿಗಳು ನಾಯಿ ಸಾಕಬಾರದೆಂದು ಕಟ್ಟಳೆ ಮಾಡುವಂತಿಲ್ಲ ಎಂಬ ಪ್ರಾಣಿ ಕಲ್ಯಾಣ ಮಂಡಳಿಯ ಸೂಚನೆಯನ್ನು ಮೀಟಿಂಗಿನಲ್ಲಿ ಓದಿ ಹೇಳಿದವನು ನಾನೇ. ಅದು ಮನೆಯ ಮಾತು. ನಾಲ್ಕು ಹೆಜ್ಜೆಗೊಂದು ಡೇರೆ ಇರುವ ಬಯಲಿನಲ್ಲಿ, ಒಂದೇ ರಾತ್ರಿಯ ನೆರೆಹೊರೆಯವರ ನಡುವೆ, ಅದೇ ಮಾತು ಬೇರೆಯಾಗಿ ಕೇಳುತ್ತದೆ.

ಜಿಂಕಿಯನ್ನು ಎಲ್ಲಿಗೂ ಒಯ್ಯುವುದಿಲ್ಲ ಎಂದಲ್ಲ. ಫೆಬ್ರವರಿಯಲ್ಲಿ ಭೋರ್ ಕಡೆ ಒಂದು ತೋಟದ ಮನೆಗೆ ಹೋದೆವು, ಮಂಗಳವಾರ ಬುಧವಾರ ರಜೆ ಹಾಕಿ. ಇಡೀ ಮನೆ ನಮಗೇ, ಸುತ್ತ ಆಳೆತ್ತರದ ಕಲ್ಲಿನ ಗೋಡೆ. ಫೋನಿನಲ್ಲಿ ಈ ಸಲ ಇಪ್ಪತ್ತು ನಿಮಿಷ ಮಾತಾಡಿದೆ: ಗೋಡೆ ಎಷ್ಟು ಎತ್ತರ, ಗೇಟಿನ ಕೆಳಗೆ ಸಂದು ಇದೆಯೇ, ಕೋಳಿ ಇವೆಯೇ, ಅವತ್ತು ಬೇರೆ ಯಾರಾದರೂ ಬರುತ್ತಾರೆಯೇ. ಮಾಲೀಕರಿಗೆ ನಾನು ಮನೆ ಕೊಳ್ಳಲು ಬಂದವನೆಂಬ ಅನುಮಾನ ಬಂದಿರಬೇಕು. ಉಣ್ಣೆಯ ಗುಳಿಗೆ ವಾರದ ಮೊದಲೇ ಕೊಟ್ಟಿದ್ದೆವು, ಇಲಿಜ್ವರದ ಭಯಕ್ಕೆ ನಿಂತ ನೀರಿಗೆ ಬಿಡಲಿಲ್ಲ. ಅಲ್ಲಿ ಅವಳನ್ನು ಬಿಚ್ಚಿ ಬಿಟ್ಟಾಗ ಗೋಡೆಯ ಗುಂಟ ಸುತ್ತು ಹೊಡೆದದ್ದು ನೋಡಬೇಕಿತ್ತು. ನಾಲ್ಕೂ ಕಾಲು ಒಟ್ಟಿಗೆ ನೆಲ ಬಿಡುವ ಓಟ ಅದು. ಹೆಂಡತಿ ಕುರ್ಚಿ ಹಾಕಿಕೊಂಡು ಚಹಾ ಕುಡಿಯುತ್ತಾ ನೋಡಿದಳು. ಬೆಲ್ಟು ಯಾರ ಕೈಯಲ್ಲೂ ಇರಲಿಲ್ಲ. ಮೇ ತಿಂಗಳಲ್ಲಿ ದಾಂಡೇಲಿಯ ಒಂದು ಹೋಮ್‌ಸ್ಟೇಗೆ ಕೇಳಿದರೆ ಅವರು ಮೊದಲ ಮಾತಿಗೇ ಬೇಡ ಎಂದರು. ಕಾಡಿನ ಅಂಚು, ಚಿರತೆ ಬರುತ್ತದೆ, ನಿಮ್ಮ ನಾಯಿಯ ರೋಗ ಕಾಡಿಗೂ ಬೇಡ, ಕಾಡಿನ ಉಣ್ಣೆ ನಿಮ್ಮ ನಾಯಿಗೂ ಬೇಡ. ಹಿಂದಾದರೆ ಸಿಟ್ಟು ಬರುತ್ತಿತ್ತು. ಈ ಸಲ ಇಷ್ಟು ಯೋಚಿಸಿದವರ ಮನೆ ಚೆನ್ನಾಗಿಯೇ ಇರುತ್ತದೆ ಎಂದು ನಾವು ಮಾತ್ರ ಹೋಗಿ ಬಂದೆವು.

ಮತ್ತೆ ಡಿಸೆಂಬರ್ ಬಂದಿದೆ. ಡೊಂಬಿವಲಿಯ ಹುಡುಗಿ ಫೋನು ಮಾಡಿ ಈ ಸಲವೂ ಟೆಂಟಿಗೆ ಹೋಗೋಣ, ಆದರೆ ಅದು ಬರಬಾರದು ಎಂದು ಮೊದಲೇ ಷರತ್ತು ಹಾಕಿದ್ದಾಳೆ. ಒಪ್ಪಿದೆವು. ಮಗ ಒಂದು ದಿನ ಮುಖ ಊದಿಸಿಕೊಂಡಿದ್ದ. ಮತ್ತೆ ಬೋರ್ಡಿಂಗೇ ಎಂದು ನಾನು ತಲೆ ಕೆರೆದುಕೊಳ್ಳುತ್ತಿದ್ದಾಗ ಅವ್ವ ಒಳಗಿಂದ ಹೇಳಿದಳು: “ನೀವೆಲ್ಲ ಹೋಗಿ ಬರ್ರಿ. ನಾನೂ ಜಿಂಕಿನೂ ಮನ್ಯಾಗ ಇರ್ತೀವಿ. ಹೋದ ವರ್ಷ ಆ ನೆಲದ ಮ್ಯಾಲೆ ಮಲಗಿ ನನ್ನ ಸೊಂಟ ಹಿಡಿದಿದ್ದು ಸಂಕ್ರಾಂತಿ ತನಕ ಬಿಟ್ಟಿಲ್ಲ. ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.”

ಮಾರ್ಟಿಂಗೇಲ್ ಕಾಲರ್ ಬಾಗಿಲ ಮೊಳೆಗೆ ತೂಗುಹಾಕಿದ್ದೇನೆ, ಅವ್ವನಿಗೆ ಹಾಕುವುದು ತೋರಿಸಿಕೊಟ್ಟಿದ್ದೇನೆ. ಎರಡು ದಿನಕ್ಕೆ ಹಾಲು, ಜೋಳದ ಹಿಟ್ಟು ತಂದಿಟ್ಟಾಗಿದೆ. ಜಿಂಕಿ ಈಗಲೇ ಅವ್ವನ ಮಂಚದ ಮೇಲೆ ಅರ್ಧ ಜಾಗ ಹಿಡಿದಿದ್ದಾಳೆ.